ಮುಂದೆ ಡಿಸ್ಕ್ ಕಾದು ಸುಡುತ್ತದೆ, ಹಿಂದೆ ಚಕ್ರ ಕಚ್ಚುತ್ತದೆ: 1965–67ರ ಮಸ್ಟಾಂಗ್ ಬ್ರೇಕಿನಲ್ಲಿ ಅಸಲಿ ಯಾವುದು, ಅಂಟಿಸಿದ್ದು ಯಾವುದು

ಇಪ್ಪತ್ತು ನಿಮಿಷ ಓಡಿಸಿ ನಿಲ್ಲಿಸಿದರೆ ಮುಂದಿನ ಎರಡೂ ಚಕ್ರದಿಂದ ಸುಟ್ಟ ವಾಸನೆ. ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. 1966ರ ಫೋರ್ಡ್ ಮಸ್ಟಾಂಗ್ ಮನೆಗೆ ತಂದ ಮೊದಲ ತಿಂಗಳಲ್ಲೇ ಈ ಎರಡೂ ಕಾಣಿಸಿಕೊಂಡವು. ಮಾರಿದವರು "ಫ್ಯಾಕ್ಟರಿಯ ಡಿಸ್ಕ್ ಬ್ರೇಕು, ಎಲ್ಲ ಒರಿಜಿನಲ್" ಅಂದಿದ್ದರು. ಅದು ಅರ್ಧ ನಿಜ. ಉಳಿದರ್ಧ ಹುಡುಕುವುದಕ್ಕೆ ನನಗೆ ನಾಲ್ಕು ವಾರಾಂತ್ಯ ಬೇಕಾಯಿತು.

ಮೊದಲು ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಎರಡೂ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್‌ಗಳಿಂದ ಹಿಡಿಯುವ ಇಕ್ಕಳ) ಬಿಚ್ಚಿ, ಸೀಲ್ ಬದಲಿಸಿ, ಹೊಸ ಪ್ಯಾಡ್ ಹಾಕಿ ಕಳಿಸಿದರು. ದುಡ್ಡು ಹೋಯಿತು, ವಾಸನೆ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಕ್ಯಾಲಿಪರ್‌ಗಳಲ್ಲಿ ಏನೂ ದೋಷವಿರಲಿಲ್ಲ. ಬಾನೆಟ್ಟಿನ ಕೆಳಗೆ, ಅವಕ್ಕೆ ಹೊಂದದ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತನ್ನು ಬ್ರೇಕ್ ಆಯಿಲಿನ ಮೂಲಕ ಚಕ್ರಗಳಿಗೆ ಕಳಿಸುವ ಭಾಗ) ಕೂತಿತ್ತು. ಅರವತ್ತು ವರ್ಷದ ಗಾಡಿಯಲ್ಲಿ "ದೋಷ ಎಲ್ಲಿದೆ" ಅನ್ನುವುದಕ್ಕಿಂತ ಮುಂಚೆ "ಇದು ಯಾವ ಗಾಡಿಯ ಯಾವ ಭಾಗ" ಎಂದು ಕೇಳಬೇಕು. ಎಷ್ಟೋ ಸಲ ಎರಡಕ್ಕೂ ಉತ್ತರ ಒಂದೇ ಆಗಿರುತ್ತದೆ.

(ಮಸ್ಟಾಂಗ್ ಮಸಲ್ ಕಾರೇ ಅಲ್ಲ, ಅಂದರೆ ದೊಡ್ಡ ಎಂಜಿನ್ನಿನ ಬಲದ ಗಾಡಿಯಲ್ಲ, ಸಣ್ಣ ಸ್ಪೋರ್ಟಿ "ಪೋನಿ ಕಾರು" ಎಂದು ಜಗಳಕ್ಕೆ ಬರುವವರಿದ್ದಾರೆ. ಬರಲಿ. 271 ಕುದುರೆಶಕ್ತಿಯ ಎಂಜಿನ್ನಿನ ಗಾಡಿ ನಿಲ್ಲದೆ ಹೋದರೆ ಹೆಸರು ಯಾವುದಾದರೇನು.)

ಗಾಡಿಗೆ ಡಿಸ್ಕ್ ಇತ್ತೇ, ಇಲ್ಲವೇ

1965ರ ಮಾದರಿಯಿಂದ ಫೋರ್ಡ್ ಮಸ್ಟಾಂಗಿಗೆ ಮುಂದಿನ ಡಿಸ್ಕ್ ಬ್ರೇಕನ್ನು ಹೆಚ್ಚುವರಿ ದುಡ್ಡಿಗೆ ಕೊಡತೊಡಗಿತು. ಹಿಂದೆ ಡ್ರಮ್ಮೇ, ಅಂದರೆ ಒಳಗಿನಿಂದ ಶೂಗಳು ಒತ್ತಿ ನಿಲ್ಲಿಸುವ ತಿರುಗುವ ಬಟ್ಟಲು. ಜಿಟಿ ಎಂಬ ಸ್ಪೋರ್ಟಿ ಸಲಕರಣೆಗಳ ಪ್ಯಾಕೇಜ್ ತೆಗೆದುಕೊಂಡರೆ ಡಿಸ್ಕ್ ಅದರ ಜೊತೆಗೇ ಬರುತ್ತಿತ್ತು. ಉಳಿದ ಬಹುಪಾಲು ಗಾಡಿಗಳಿಗೆ ನಾಲ್ಕೂ ಕಡೆ ಡ್ರಮ್. ಆರು ಸಿಲಿಂಡರಿನ ಗಾಡಿಗೆ 9 ಇಂಚಿನ ಡ್ರಮ್, ಚಕ್ರಕ್ಕೆ ನಾಲ್ಕು ನಟ್ಟು. ವಿ8 ಗಾಡಿಗೆ 10 ಇಂಚಿನ ಡ್ರಮ್, ಐದು ನಟ್ಟು.

ಕಾರ್ಖಾನೆಯಲ್ಲಿ ಗಾಡಿಯ ಮೈಮೇಲೆ ಹಾಕಿದ ನಂಬರಿನಲ್ಲಿ (ರಿಜಿಸ್ಟ್ರೇಷನ್ ನಂಬರಲ್ಲ) ಇದು ಸಿಗುತ್ತದೆಯೇ ಅಂದರೆ, ಇಲ್ಲ. ನನ್ನದರ ನಂಬರು "6ಆರ್" ಎಂದು ಶುರುವಾಗುತ್ತದೆ. 6 ಅಂದರೆ 1966, ಆರ್ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಾರ್ಖಾನೆ. ಎಫ್ ಇದ್ದರೆ ಡಿಯರ್‌ಬಾರ್ನ್, ಟಿ ಇದ್ದರೆ ಮೆಟಚನ್. ಮುಂದಿನ ಎರಡಂಕಿ ಬಾಡಿಯ ಬಗೆ, ಅದಾದ ಅಕ್ಷರ ಎಂಜಿನ್: ಎ ಅಂದರೆ 225 ಕುದುರೆಶಕ್ತಿ, ಕೆ ಅಂದರೆ 271. ಬ್ರೇಕಿನ ಸುದ್ದಿ ಎಲ್ಲೂ ಇಲ್ಲ. ಬಾಗಿಲಿಗೆ ಬಡಿದ ತಗಡಿನ ಮೇಲೂ ಬಣ್ಣ, ಒಳಸೀಟು, ತಯಾರಿಯ ದಿನ, ಆ್ಯಕ್ಸಲ್, ಗೇರು ಇದೆಯೇ ಹೊರತು ಬ್ರೇಕ್ ಇಲ್ಲ. 1967ರ ಮತ್ತು ಆಮೇಲಿನ ಗಾಡಿಗಳವರು ಪುಣ್ಯವಂತರು. ಫೋರ್ಡಿನ ಉತ್ಪಾದನಾ ದಾಖಲೆ ಆ ವರ್ಷದಿಂದ ಉಳಿದಿದ್ದು, ಮಾರ್ಟಿ ಆಟೋ ವರ್ಕ್ಸ್‌ನವರು ದುಡ್ಡು ತೆಗೆದುಕೊಂಡು ಯಾವ ಗಾಡಿ ಯಾವ ಸಲಕರಣೆಯೊಂದಿಗೆ ಹೊರಬಿತ್ತು ಎಂದು ಬರೆದುಕೊಡುತ್ತಾರೆ. 1965, 66ರವರಿಗೆ ಆ ದಾರಿ ಇಲ್ಲ. ಕಬ್ಬಿಣವನ್ನೇ ಓದಬೇಕು.

ಸ್ಯಾನ್ ಹೋಸೆ ಕಾರ್ಖಾನೆ ಇದ್ದದ್ದು ನಿಜಕ್ಕೂ ಪಕ್ಕದ ಮಿಲ್ಪಿಟಾಸ್ ಊರಿನಲ್ಲಿ. 1983ರಲ್ಲಿ ಮುಚ್ಚಿತು, ಈಗ ಅಲ್ಲಿ ಗ್ರೇಟ್ ಮಾಲ್ ಇದೆ. ಈ ಕಡೆಯ ಕನ್ನಡದ ಮನೆಗಳವರೆಲ್ಲ ಯಾವತ್ತಾದರೂ ಅಲ್ಲಿ ಚಪ್ಪಲಿಯೋ ಜಾಕೆಟ್ಟೋ ಕೊಂಡವರೇ. ನಾನು ಹತ್ತು ವರ್ಷ ಗಾಡಿ ನಿಲ್ಲಿಸಿದ ಜಾಗದಲ್ಲೇ ನನ್ನ ಗಾಡಿ ಹುಟ್ಟಿದ್ದು ಎಂದು ಆ ಆರ್ ಅಕ್ಷರ ಓದುವವರೆಗೆ ಗೊತ್ತಿರಲಿಲ್ಲ.

ಬಿಚ್ಚುವ ಮುಂಚೆ

ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಆ ಕಾಲದ ಪ್ಯಾಡ್, ಡ್ರಮ್ಮಿನ ಶೂ ಮೇಲಿನ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನೊಳಗಿನ ಧೂಳನ್ನು ಏರ್ ಗನ್ನಿನಿಂದ ಊದಲೇಬೇಡಿ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ. ಪ್ರತಿ ಭಾಗ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ. ಪೈಪು ಯಾವ ಕಡೆಯಿಂದ ಬಂದು ಎಲ್ಲಿ ಸೇರುತ್ತದೆ ಅನ್ನುವುದೇ ಮುಂದೆ ಸಾಕ್ಷಿ.

ಕ್ಯಾಲಿಪರ್: ಪಿಸ್ಟನ್ ಎಣಿಸಿ

ಇದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. 1965ರಿಂದ 67ರವರೆಗಿನ ಮಸ್ಟಾಂಗಿನ ಅಸಲಿ ಕ್ಯಾಲಿಪರ್ ಕೆಲ್ಸಿ-ಹೇಯ್ಸ್ ಕಂಪನಿಯದು. ಒಳಗೆರಡು, ಹೊರಗೆರಡು, ಒಟ್ಟು ನಾಲ್ಕು ಪಿಸ್ಟನ್. ಎರಡು ಹೋಳನ್ನು ಬೋಲ್ಟಿನಿಂದ ಜೋಡಿಸಿದ್ದು. ಕ್ಯಾಲಿಪರ್ ಅಲುಗಾಡದೆ ಸ್ಥಿರವಾಗಿ ನಿಲ್ಲುತ್ತದೆ, ಎರಡೂ ಕಡೆಯಿಂದ ಪಿಸ್ಟನ್‌ಗಳೇ ಬಂದು ಡಿಸ್ಕನ್ನು ಹಿಡಿಯುತ್ತವೆ. ಡಿಸ್ಕ್ ಸುಮಾರು 11.3 ಇಂಚಿನದು, ನಡುವೆ ಗಾಳಿ ಹಾಯುವ ಸಂದು ಇರುವಂಥದ್ದು.

ನಿಮ್ಮದರಲ್ಲಿ ಒಳಬದಿಯಲ್ಲಿ ಒಂದೇ ದೊಡ್ಡ ಪಿಸ್ಟನ್ ಇದ್ದು, ಕ್ಯಾಲಿಪರ್ ಆಚೀಚೆ ಜಾರುವಂತಿದ್ದರೆ ಅದು ಹುಟ್ಟಿನಿಂದ ಬಂದದ್ದಲ್ಲ. ಫೋರ್ಡ್ ಒಂದೇ ಪಿಸ್ಟನ್ನಿನ ಕ್ಯಾಲಿಪರ್ ಅನ್ನು ಮಸ್ಟಾಂಗಿಗೆ ತಂದದ್ದು 1968ರಲ್ಲಿ. ಹೆಚ್ಚಾಗಿ ಕಾಣುವುದು ಇನ್ನೂ ಈಚಿನದು, 1975ರಿಂದ 80ರವರೆಗಿನ ಫೋರ್ಡ್ ಗ್ರನಾಡಾ, ಮರ್ಕ್ಯುರಿ ಮೊನಾರ್ಕ್ ಗಾಡಿಗಳಿಂದ ಕಿತ್ತು ಹಾಕಿದ್ದು. ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ಡ್ರಮ್ ಗಾಡಿಗಳಿಗೆ ಇದನ್ನು ಸ್ಪಿಂಡಲ್ (ಚಕ್ರ ಕೂರುವ ದಂಡ) ಸಮೇತ ಕೂರಿಸಿದವರು ಲೆಕ್ಕವಿಲ್ಲದಷ್ಟು. ಕೆಟ್ಟ ಬ್ರೇಕೇನಲ್ಲ, ಆದರೆ "ಒರಿಜಿನಲ್" ಎಂದು ಅದಕ್ಕೆ ಬೆಲೆ ತೆರಬಾರದು.

ನನ್ನದರಲ್ಲಿ ಎರಡೂ ಕಡೆ ನಾಲ್ಕು ಪಿಸ್ಟನ್ ಇತ್ತು. ಅಷ್ಟಕ್ಕೇ ನಾನೂ ಗ್ಯಾರೇಜಿನವರೂ ಸಮಾಧಾನಪಟ್ಟುಕೊಂಡೆವು. ತಪ್ಪಿದ್ದು ಅಲ್ಲೇ.

ನಂಬರು ಓದುವುದು

ಫೋರ್ಡಿನ ಎರಕದ ಮೇಲಿನ ನಂಬರಿಗೆ ಒಂದು ವ್ಯಾಕರಣವಿದೆ. ಮೊದಲ ಅಕ್ಷರ ದಶಕ: ಸಿ ಅಂದರೆ 1960ರದ್ದು, ಡಿ ಅಂದರೆ 1970ರದ್ದು. ಆಮೇಲಿನ ಅಂಕಿ ವರ್ಷ. ಮೂರನೆಯದು ಆ ಭಾಗವನ್ನು ಮೊದಲು ಯಾವ ಗಾಡಿಗೆಂದು ರೂಪಿಸಿದರೋ ಅದರ ಗುರುತು: ಝಡ್ ಮಸ್ಟಾಂಗ್, ಓ ಫೇರ್‌ಲೇನ್, ಡಿ ಫಾಲ್ಕನ್, ಎ ದೊಡ್ಡ ಗಾಡಿಗಳು. ಹಾಗಾಗಿ "ಸಿ5ಝಡ್" ಎಂದು ಶುರುವಾದರೆ 1965ರಲ್ಲಿ ಮಸ್ಟಾಂಗಿಗೆಂದು ರೂಪುಗೊಂಡದ್ದು. "ಡಿ5" ಎಂದು ಶುರುವಾದರೆ 1975ರ ವಿನ್ಯಾಸ, 66ರ ಗಾಡಿಯೊಳಗೆ ಅದಕ್ಕೆ ಕೆಲಸವಿಲ್ಲ. ನಡುವಿನ ಅಂಕಿ ಭಾಗದ ಜಾತಿ ಹೇಳುತ್ತದೆ: 2140 ಮಾಸ್ಟರ್ ಸಿಲಿಂಡರ್, 2001 ಶೂ ಮತ್ತು ಪ್ಯಾಡ್, 2ಬಿ120 ಬಲಗಡೆಯ ಕ್ಯಾಲಿಪರ್, 2ಬಿ121 ಎಡಗಡೆಯದು.

ಇಲ್ಲಿ ಎರಡು ಗುಂಡಿಗಳಿವೆ, ನಾನು ಎರಡರಲ್ಲೂ ಬಿದ್ದಿದ್ದೇನೆ. ಮೊದಲನೆಯದು, ವರ್ಷದ ಅಂಕಿ ವಿನ್ಯಾಸದ ವರ್ಷವೇ ಹೊರತು ತಯಾರಾದ ವರ್ಷವಲ್ಲ. 66ರ ಗಾಡಿಯಲ್ಲಿ "ಸಿ5" ಇರುವುದು ಸರಿಯೇ, "ಸಿ3" ಇದ್ದರೂ ಗಾಬರಿಯಾಗಬೇಕಿಲ್ಲ. ಎರಡನೆಯದು, ಎರಕದ ಮೇಲಿನ ಎಂಜಿನಿಯರಿಂಗ್ ನಂಬರೂ ಬಿಡಿಭಾಗದ ಪೆಟ್ಟಿಗೆಯ ಮೇಲಿನ ನಂಬರೂ ಒಂದೇ ಅಲ್ಲ. "ಸಿ5ಝಡ್‌ಝಡ್" ಎನ್ನುವುದು ಕೌಂಟರಿನಲ್ಲಿ ಮಾರುವ ನಂಬರು. ಕಬ್ಬಿಣದ ಮೇಲೆ ಅದನ್ನು ಹುಡುಕುತ್ತಾ ಕೂತರೆ ಸಂಜೆಯಾಗುತ್ತದೆ, ಸಿಗುವುದಿಲ್ಲ. ಸಿಗಲಿಲ್ಲವೆಂದು ಒಳ್ಳೆಯ ಅಸಲಿ ಭಾಗವನ್ನು ನಕಲಿ ಅಂದವರನ್ನು ಹಳೆ ಭಾಗಗಳ ಸಂತೆಯಲ್ಲಿ ನಾನೇ ನೋಡಿದ್ದೇನೆ.

ತಯಾರಾದ ದಿನ ಬೇಕೆಂದರೆ ದಿನಾಂಕದ ಗುರುತು ಹುಡುಕಿ. ಫೋರ್ಡಿನ ಎರಕದಲ್ಲಿ ಅಂಕಿ, ಅಕ್ಷರ, ಅಂಕಿ ಈ ಕ್ರಮ. "6ಬಿ14" ಅಂದರೆ 1966ರ ಫೆಬ್ರವರಿ 14. ತಿಂಗಳಿಗೆ ಎಯಿಂದ ಎಂವರೆಗೆ, ನಡುವೆ ಐ ಅಕ್ಷರ ಬಿಟ್ಟು. ಐ ಒಂದರಂತೆ ಕಾಣುತ್ತದಲ್ಲ, ಅದಕ್ಕೆ. ಬಾಗಿಲಿನ ತಗಡಿನ ದಿನಾಂಕಕ್ಕೂ ಇದೇ ಅಕ್ಷರಗಳು: "11ಡಿ" ಅಂದರೆ ಏಪ್ರಿಲ್ 11. ಎರಕದ ದಿನ ಗಾಡಿಯ ದಿನಕ್ಕಿಂತ ಕೆಲವು ವಾರ ಹಿಂದಿದ್ದರೆ ನಂಬಬಹುದು. ತಿಂಗಳುಗಟ್ಟಲೆ ಮುಂದಿದ್ದರೆ ಅದು ಆಮೇಲೆ ಬಂದ ಭಾಗ, ವಾದವೇ ಬೇಡ. ಆದರೆ ಹೊರಗಿನ ಕಂಪನಿಗಳು ತಮ್ಮದೇ ಗುರುತು ಹಾಕಿರಬಹುದು. ಎಲ್ಲ ತುಂಡಿನ ಮೇಲೂ ಫೋರ್ಡಿನ ಕ್ರಮವೇ ಇರಬೇಕೆಂದು ಹಟ ಹಿಡಿಯಬೇಡಿ.

ಓದುವ ಮುಂಚೆ ಜಿಡ್ಡು ತೆಗೆಯಿರಿ. ತಂತಿ ಬ್ರಷ್ ಹಾಕಿ ತಿಕ್ಕಬೇಡಿ, ಮೇಲೆದ್ದ ಅಕ್ಷರದ ಅಂಚು ಸವೆಯುತ್ತದೆ. ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಸೀಮೆಸುಣ್ಣ ಅಡ್ಡಲಾಗಿ ಉಜ್ಜಿ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸೀಮೆಎಣ್ಣೆ ಹೊರಮೈಗೆ ಮಾತ್ರ. ಸೀಲಿನ ರಬ್ಬರಿಗೆ ತಾಗಿದರೆ ಅದು ಊದಿಕೊಳ್ಳುತ್ತದೆ.

ಮುಂದಿನ ಡಿಸ್ಕ್ ಬಿಡುತ್ತಿಲ್ಲ: ಒತ್ತಡ ಎಲ್ಲಿ ನಿಂತಿದೆ

ಮುಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಯಾರನ್ನಾದರೂ ಪೆಡಲ್ ಹತ್ತಿರ ಕೂರಿಸಿ. ಎರಡು ಮೂರು ಸಲ ಒತ್ತಿ ಬಿಡಿಸಿ, ಕೈಯಿಂದ ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಕಾಲು ಸುತ್ತು ಸಡಿಲಿಸಿ.

ಆಯಿಲ್ ಚಿಮ್ಮಿ ಚಕ್ರ ಸಡಿಲವಾಯಿತೇ? ಹಾಗಿದ್ದರೆ ಪಿಸ್ಟನ್ ಚೆನ್ನಾಗಿದೆ, ಮೇಲಿನಿಂದ ಒತ್ತಡ ಇಳಿಯುತ್ತಿಲ್ಲ. ನಿಪ್ಪಲ್ ಬಿಚ್ಚಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ತುಕ್ಕಿಗೆ ಕಚ್ಚಿಕೊಂಡಿದೆ, ಆಗ ಮಾತ್ರ ಕ್ಯಾಲಿಪರ್ ಬಿಚ್ಚಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ನಿಂತಲ್ಲೇ ನಿಂತ ಗಾಡಿಯಲ್ಲಿ ಒಳಗಿನ ಗೋಡೆ ಹುಳುಕು ಹಿಡಿಯುವುದು ಮಾಮೂಲು. ಆಗ ಬರೀ ಸೀಲ್ ಬದಲಿಸಿದರೆ ಸಾಲದು, ಸ್ಟೇನ್‌ಲೆಸ್ ಸ್ಟೀಲಿನ ಒಳಕೊಳವೆ (ಸ್ಲೀವ್) ಕೂರಿಸಬೇಕು.

ಒತ್ತಡ ಮೇಲೆ ನಿಂತಿದೆ ಎಂದಾದರೆ ಅದೇ ಪರೀಕ್ಷೆಯನ್ನು ಮೇಲಕ್ಕೆ ಸರಿಸುತ್ತಾ ಹೋಗಿ. ಮತ್ತೆ ಪೆಡಲ್ ಒತ್ತಿಸಿ ಬಿಡಿಸಿ. ಈ ಸಲ ನಿಪ್ಪಲ್ ಮುಟ್ಟದೆ, ರಬ್ಬರ್ ಹೋಸ್ ಲೋಹದ ಪೈಪಿಗೆ ಸೇರುವ ನಟ್ಟು ಸಡಿಲಿಸಿ. ಚಕ್ರ ಬಿಡದಿದ್ದರೆ ಹೋಸ್ ಒಳಗೆ ಊದಿಕೊಂಡು ಮುಚ್ಚಿದೆ. ಹೊರಗಿನಿಂದ ಹೋಸ್ ಹೊಸದರಂತೆ ಕಾಣುತ್ತಿದ್ದರೂ ನಂಬಬೇಡಿ. ಬಿಟ್ಟರೆ ಇನ್ನೂ ಮೇಲೆ ಹೋಗಿ, ಮಾಸ್ಟರ್ ಸಿಲಿಂಡರಿನ ಹೊರದಾರಿಯ ನಟ್ಟು. ಅಲ್ಲಿ ಸಡಿಲಿಸಿದಾಗ ಎರಡೂ ಚಕ್ರ ಒಟ್ಟಿಗೆ ಬಿಟ್ಟವೆಂದರೆ ಕಳ್ಳ ಸಿಕ್ಕಿದ. ನನ್ನದರಲ್ಲಿ ಆದದ್ದು ಅದೇ.

ಶಿವಮೊಗ್ಗದಲ್ಲಿರುವ ಅಪ್ಪನಿಗೆ ಅವತ್ತು ಫೋನಿನಲ್ಲಿ ಹೇಳಿದೆ. ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದವರು. "ಅಲ್ವೋ, ಎರಡೂ ಕಡೆ ಒಂದೇ ಸಲ ಬಿಗೀತು ಅಂದ್ರೆ ಚಕ್ರದ ಹತ್ರ ಯಾಕೆ ಹೋದೆ?" ಅಂದರು. ನಾನು ಮಾತು ಬದಲಿಸಿದೆ.

ಡ್ರಮ್ಮಿನ ಮಾಸ್ಟರ್ ಸಿಲಿಂಡರ್, ಡಿಸ್ಕಿನ ಗಾಡಿ

ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರಿನೊಳಗೆ ಒಂದು ತಡೆವಾಲ್ವ್ ಇರುತ್ತದೆ. ಪೆಡಲ್ ಬಿಟ್ಟ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುವುದು ಅದರ ಕೆಲಸ. ಚಕ್ರದ ಸಿಲಿಂಡರಿನ ರಬ್ಬರ್ ಕಪ್ಪುಗಳು ಅಂಟಿಕೊಂಡು ಗಾಳಿ ನುಗ್ಗದಿರಲಿ ಎಂದು. ಡ್ರಮ್ಮಿಗೆ ಬಲವಾದ ಸ್ಪ್ರಿಂಗುಗಳಿವೆ, ಅವು ಶೂಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ, 10 ಪಿಎಸ್‌ಐ ಲೆಕ್ಕಕ್ಕಿಲ್ಲ. ಡಿಸ್ಕಿಗೆ ಸ್ಪ್ರಿಂಗೇ ಇಲ್ಲ. ಪಿಸ್ಟನ್ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಂಡು ವಾಪಸಾಗುವಾಗ ಪಿಸ್ಟನ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಅಷ್ಟೆ. ಆ 10 ಪಿಎಸ್‌ಐ ಇದ್ದರೆ ಪ್ಯಾಡ್ ಡಿಸ್ಕಿಗೆ ಸವರುತ್ತಲೇ ಇರುತ್ತದೆ, ಕಾಯುತ್ತದೆ, ನಾರುತ್ತದೆ.

1965, 66ರಲ್ಲಿ ಮಸ್ಟಾಂಗಿಗೆ ಇದ್ದದ್ದು ಒಂದೇ ತೊಟ್ಟಿಯ ಮಾಸ್ಟರ್ ಸಿಲಿಂಡರ್. ಮುಂದಕ್ಕೂ ಹಿಂದಕ್ಕೂ ಅದರಿಂದಲೇ. ಹಾಗಾಗಿ ಡಿಸ್ಕ್ ಗಾಡಿಯದರಲ್ಲಿ ಈ ತಡೆವಾಲ್ವ್ ಇರುವಂತಿಲ್ಲ. ಆದರೆ ಡ್ರಮ್ಮಿನದೂ ಅದೇ ಎರಡು ಬೋಲ್ಟಿಗೆ ನೀಟಾಗಿ ಕೂರುತ್ತದೆ. ಎಂದೋ ಒಬ್ಬರು ಸೋರುತ್ತಿದ್ದದ್ದನ್ನು ತೆಗೆದು, ಅಂಗಡಿಯವರು "66ರ ಮಸ್ಟಾಂಗಿಗೆ ಇದೇ" ಎಂದು ಕೊಟ್ಟದ್ದನ್ನು ಹಾಕಿದ್ದರು. ಬಿಚ್ಚಿ ನೋಡಿದೆ: ಹಿಂದಿನ ಲಾಕ್ ರಿಂಗ್ ತೆಗೆದು ಪಿಸ್ಟನ್, ಸ್ಪ್ರಿಂಗ್ ಎಳೆದರೆ ಸ್ಪ್ರಿಂಗಿನ ತುದಿಯಲ್ಲಿ ರಬ್ಬರ್ ಮುಖದ ವಾಲ್ವ್ ಕೂತಿತ್ತು.

ವಾಲ್ವ್ ಇಲ್ಲದೆಯೂ ಒತ್ತಡ ನಿಲ್ಲುವ ಇನ್ನೊಂದು ಕಾರಣವಿದೆ, ಪೆಡಲಿನಿಂದ ಬರುವ ತಳ್ಳುಕಡ್ಡಿ ಉದ್ದವಾಗಿದ್ದರೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದೆ, ಆಯಿಲ್ ತೊಟ್ಟಿಗೆ ವಾಪಸಾಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಮುಚ್ಚಳ ತೆಗೆದು, ಪೆಡಲನ್ನು ಮೆಲ್ಲಗೆ ಮುಟ್ಟಿಸಿ. ಶುರುವಿನಲ್ಲೇ ಆ ತೂತಿನಿಂದ ಪುಟ್ಟ ಕಾರಂಜಿ ಎದ್ದರೆ ದಾರಿ ತೆರೆದಿದೆ. ಏಳದಿದ್ದರೆ ಕಡ್ಡಿ ನೋಡಿ. ಮುಖ ದೂರ ಇಟ್ಟುಕೊಳ್ಳಿ, ಫೆಂಡರ್ ಮೇಲೆ ಹಳೇ ಟವೆಲ್ ಹಾಸಿ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ.

ಒಂದು ಮಾತು ಅಸಲಿತನದ ಭಕ್ತರಿಗೆ ಇಷ್ಟವಾಗದು. ಒಂದೇ ತೊಟ್ಟಿಯ ವ್ಯವಸ್ಥೆಯಲ್ಲಿ ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. 1967ರ ಮಾದರಿಯಿಂದ ಫೋರ್ಡ್ ಎರಡು ಕೋಣೆಯದನ್ನು ಕೊಟ್ಟಿತು. 1968ರ ಜನವರಿ 1ರಿಂದ ಅಮೆರಿಕದ ಸುರಕ್ಷಾ ನಿಯಮವೂ ಎರಡು ಮಾರ್ಗ ಬೇಕೆಂದಿತು. ನಾನು ಈ ಗಾಡಿಯಲ್ಲಿ ಮಗಳನ್ನು ಕೂರಿಸಿಕೊಂಡು ಫ್ರೀವೇಗೆ ಹೋಗುತ್ತೇನೆ. ಆದ್ದರಿಂದ ಡಿಸ್ಕ್-ಡ್ರಮ್ ಜೋಡಿಗೆಂದೇ ಮಾಡಿದ ಎರಡು ಕೋಣೆಯ ಸಿಲಿಂಡರ್ ಹಾಕಿದೆ. ಸರಿಯಾದ ಅಸಲಿ ಸಿಕ್ಕಿದ ಮೇಲೆ ಅದನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪ್ರದರ್ಶನಕ್ಕೆ ಇಡುವವರು ಅದನ್ನೇ ಹಾಕಲಿ.

ಹಿಂದಿನ ಚಕ್ರ ಮೊದಲು ಕಚ್ಚುತ್ತದೆ

ಮೊದಲು ಇದನ್ನು ಬೇರ್ಪಡಿಸಿ: ಮೆಲ್ಲಗೆ ಒತ್ತಿದಾಗಲೂ ಒಂದೇ ಹಿಂಚಕ್ರ ಕಚ್ಚುತ್ತಿದ್ದರೆ ಆ್ಯಕ್ಸಲ್ ಸೀಲ್ ಸೋರಿ ಲೈನಿಂಗ್ ಎಣ್ಣೆ ಕುಡಿದಿರಬಹುದು. ಮೆಲ್ಲಗೆ ಒತ್ತಿದಾಗ ಎಲ್ಲ ಸರಿಯಿದ್ದು, ಜೋರಾಗಿ ಒತ್ತಿದಾಗ ಮಾತ್ರ ಎರಡೂ ಹಿಂಚಕ್ರ ಮುಂದಿನದಕ್ಕಿಂತ ಮೊದಲು ನಿಂತರೆ ಅನುಪಾತ ವಾಲ್ವಿನ ಕಡೆ ನೋಡಿ.

ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ಹಿಂದೆ ಟೈರಿನ ಹಿಡಿತ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಡ್ರಮ್ಮಿನ ಶೂ ತಿರುಗುವ ಡ್ರಮ್ಮಿನ ಎಳೆತಕ್ಕೆ ಇನ್ನಷ್ಟು ಬಿಗಿಯುತ್ತದೆ, ಡಿಸ್ಕಿಗೆ ಆ ಗುಣವಿಲ್ಲ. ಡಿಸ್ಕ್ ಗಾಡಿಗಳಲ್ಲಿ ಹಿಂದಿನ ಪೈಪಿಗೆ ಫೋರ್ಡ್ ಈ ವಾಲ್ವ್ ಹಾಕಿದ್ದು ಅದಕ್ಕೆ. ಒಂದು ಮಿತಿಯವರೆಗೆ ಒತ್ತಡ ಹಾಗೇ ಬಿಡುತ್ತದೆ, ಆಮೇಲೆ ಹಿಂದಕ್ಕೆ ಕಡಿಮೆ ಕಳಿಸುತ್ತದೆ. ಮಾಸ್ಟರ್ ಸಿಲಿಂಡರಿನ ಕೆಳಗೆ, ಎಡಗಡೆ ಹುಡುಕಿ. ಹಿಂದಕ್ಕೆ ಹೋಗುವ ಪೈಪು ಅದರೊಳಗೆ ಹೊಕ್ಕು ಹೊರಬರಬೇಕು. ನನ್ನದರಲ್ಲಿ ಆ ಜಾಗದಲ್ಲಿ ಎರಡು ಪೈಪು ಸೇರಿಸುವ ಹಿತ್ತಾಳೆಯ ಜೋಡಣೆ ಇತ್ತು, ಲೋಹದ ಮೇಲೆ ಹಳೆಯ ಬೋಲ್ಟಿನ ಗುರುತು ಮಾತ್ರ. ಸೋರಿದ್ದಕ್ಕೆ ಯಾರೋ ಕಿತ್ತೆಸೆದಿದ್ದರು. ಆ ಗುರುತೇ ಈ ಗಾಡಿ ಡಿಸ್ಕಿನೊಂದಿಗೆ ಹುಟ್ಟಿತೆನ್ನುವುದಕ್ಕೆ ನನಗೆ ಸಿಕ್ಕ ಒಳ್ಳೆಯ ಸಾಕ್ಷಿ. ಆಮೇಲೆ ಡಿಸ್ಕ್ ಹಾಕಿಸಿದವರು ಅದೇ ಜಾಗದಲ್ಲಿ ವಾಲ್ವ್ ಕೂರಿಸಲು ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ.

ವಾಲ್ವ್ ಇದ್ದೂ ಅನುಮಾನವಿದ್ದರೆ ಎರಡು ಒತ್ತಡದ ಗೇಜು ತನ್ನಿ. ಒಂದು ಮುಂದಿನ ನಿಪ್ಪಲಿಗೆ, ಒಂದು ಹಿಂದಿನದಕ್ಕೆ. ಪೆಡಲ್ ನಿಧಾನವಾಗಿ ಒತ್ತುತ್ತಾ ಹೋದಂತೆ ಮೊದಲು ಎರಡೂ ಮುಳ್ಳು ಒಟ್ಟಿಗೆ ಏರಬೇಕು, ಆಮೇಲೆ ಹಿಂದಿನದು ಹಿಂದುಳಿಯಬೇಕು. ಕೊನೆವರೆಗೂ ಜೊತೆಜೊತೆಗೇ ಏರಿದರೆ ವಾಲ್ವ್ ಸತ್ತಿದೆ.

ಪೆಡಲ್ ಮೆತ್ತಗೆ

ಇದಕ್ಕೆ ಎರಡೇ ಮಾತು ಹೇಳುತ್ತೇನೆ, ಉಳಿದದ್ದು ಎಲ್ಲ ಗಾಡಿಗೂ ಒಂದೇ. ಎಷ್ಟು ಏರ್ ತೆಗೆದರೂ ಸ್ಪಂಜಿನಂತಿದ್ದರೆ ಕ್ಯಾಲಿಪರಿನ ನಿಪ್ಪಲ್ ಮೇಲ್ತುದಿಯಲ್ಲಿದೆಯೇ ನೋಡಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿದ್ದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಕೂತು ನಗುತ್ತಿರುತ್ತದೆ. ಇನ್ನೊಂದು ಸ್ಥಿರ ಕ್ಯಾಲಿಪರಿನದೇ ವಿಶೇಷ: ತಿರುವು ದಾಟಿದ ಮೇಲೆ ಮೊದಲ ಸಲ ಪೆಡಲ್ ಕೆಳಗೆ ಹೋಗುತ್ತದೆ, ಎರಡನೇ ಸಲ ಸರಿಯಿರುತ್ತದೆ. ಅದು ಗಾಳಿಯಲ್ಲ. ಚಕ್ರದ ಬೇರಿಂಗ್ ಸಡಿಲವಿದ್ದರೆ ಅಥವಾ ಡಿಸ್ಕ್ ಓಲಾಡುತ್ತಿದ್ದರೆ ಅದು ಪಿಸ್ಟನ್‌ಗಳನ್ನು ಒಳಗೆ ನೂಕಿರುತ್ತದೆ. ಬೇರಿಂಗ್ ಬಿಗಿ ಮಾಡಿ, ಡಯಲ್ ಗೇಜಿನಲ್ಲಿ ಡಿಸ್ಕಿನ ಓಲಾಟ ಅಳೆಯಿರಿ.

ಬೇರೆ ಕಂಪನಿಯ ಗಾಡಿಯವರಿಗೆ

ಷೆವ್ರೊಲೆ ಕಮಾರೊದವರೂ ಪಿಸ್ಟನ್ ಎಣಿಸುವುದರಿಂದಲೇ ಶುರು ಮಾಡಿ. 1967, 68ರಲ್ಲಿ ಡೆಲ್ಕೊ ಮೊರೇನ್ ಕಂಪನಿಯ ನಾಲ್ಕು ಪಿಸ್ಟನ್, 1969ರಲ್ಲಿ ಒಂದೇ ಪಿಸ್ಟನ್. 69ರಲ್ಲಿ ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೊಟ್ಟ ಜೆಎಲ್8 ಅನ್ನುವ ಆಯ್ಕೆ ಇತ್ತು, ಹೊರಬಿದ್ದದ್ದು 206 ಗಾಡಿ ಎನ್ನುತ್ತದೆ ಲೆಕ್ಕ. ಯಾರಾದರೂ ಅದನ್ನು ಮಾರಲು ಬಂದರೆ ಎರಡು ಸಲ ಅಲ್ಲ, ಹತ್ತು ಸಲ ನೋಡಿ. ಷೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟರ್ಸಿನ ದಿನಾಂಕದಲ್ಲಿ ಕ್ರಮ ಬೇರೆ: ಮೊದಲು ತಿಂಗಳ ಅಕ್ಷರ, ಆಮೇಲೆ ದಿನ, ಕೊನೆಗೆ ವರ್ಷ. ಅಲ್ಲಿ ಐ ಅಕ್ಷರ ಬಿಟ್ಟಿಲ್ಲ, ಐ ಅಂದರೆ ಸೆಪ್ಟೆಂಬರ್. ಫೋರ್ಡಿನ ಕಣ್ಣಿನಲ್ಲಿ ಓದಿದರೆ ಒಂದು ತಿಂಗಳು ತಪ್ಪುತ್ತದೆ. ಕ್ರೈಸ್ಲರ್ ಬಳಗದ ಸಣ್ಣ ಗಾಡಿಗಳಿಗೆ ಕೆಲ್ಸಿ-ಹೇಯ್ಸ್, ನಡುಗಾತ್ರದವಕ್ಕೆ 1966ರಿಂದ ಕೆಲವು ವರ್ಷ ಬಡ್ ಕಂಪನಿಯ ಕ್ಯಾಲಿಪರ್.

ಕೂರಿಸಿ ನೋಡಿದ ಮೇಲೆ

ಅನುಪಾತ ವಾಲ್ವ್ ಹಳೆ ಭಾಗಗಳ ಸಂತೆಯಲ್ಲಿ ಸಿಕ್ಕಿತು, ಒಳಗಿನ ಸೀಲ್ ಬದಲಿಸಿ ಅದೇ ಹಳೆ ಬೋಲ್ಟಿನ ಗುರುತಿಗೆ ಕೂರಿಸಿದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ತುಂಬಿದೆ. ಸಿಲಿಕೋನಿನ ಡಾಟ್ 5 ಇದರೊಂದಿಗೆ ಬೆರೆಯುವುದಿಲ್ಲ, ಮೊದಲಿನವರು ಯಾವುದು ಹಾಕಿದ್ದರೋ ಗೊತ್ತಿಲ್ಲದಿದ್ದರೆ ಪೈಪುಗಳನ್ನು ಪೂರ್ತಿ ತೊಳೆದು ತುಂಬಿ.

ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗ. ಮೊದಲು ಗಂಟೆಗೆ 10 ಮೈಲಿ, ಆಮೇಲೆ 20, ಆಮೇಲೆ 30. ಕೆಳಗಿಳಿದು ನೆಲ ನೋಡಿದೆ: ಮುಂದಿನ ಟೈರುಗಳ ಕಪ್ಪು ಗೆರೆ ಉದ್ದವಾಗಿ ನೇರವಾಗಿ ಬಿದ್ದಿತ್ತು, ಹಿಂದಿನದು ಅಲ್ಲಲ್ಲಿ ಮಾಸಲು. ಇಪ್ಪತ್ತು ನಿಮಿಷ ಸುತ್ತಾಡಿ ಬಂದು ಮುಂಚಕ್ರದ ಹತ್ತಿರ ಬಗ್ಗಿದೆ. ವಾಸನೆ ಇರಲಿಲ್ಲ. ಎರಡೂ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಿದವು, ಎಡಗಡೆಯದು ಬಲಕ್ಕಿಂತ ಒಂದು ಚೂರು ಬೆಚ್ಚಗಿತ್ತು. ಮುಂದಿನ ಶನಿವಾರಕ್ಕೆ ಆ ಕಡೆಯ ಹೋಸ್ ಬಿಚ್ಚುವುದೆಂದು ಬರೆದಿಟ್ಟುಕೊಂಡಿದ್ದೇನೆ.